ಪ್ರೊಬೇಟ್ ಕಡ್ಡಾಯವಲ್ಲ ಎಂದಾಯಿತು. ವಿಲ್ಲಿನ ದಾಖಲೆ ಇನ್ನು ಎಲ್ಲಿ ಹುಡುಕುವುದು?

2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಂದು ಕಾಯ್ದೆ ಪಾಸು ಮಾಡಿತು. ಬಳಕೆ ತಪ್ಪಿದ 71 ಹಳೆಯ ಕಾಯ್ದೆಗಳನ್ನು ರದ್ದು ಮಾಡುವುದು ಅದರ ಮುಖ್ಯ ಕೆಲಸ. ಅದರೊಳಗೇ ಇನ್ನೊಂದು ತಿದ್ದುಪಡಿಯೂ ಇತ್ತು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಂ ಹೋಯಿತು. ಜನರಿಗೆ ತಲುಪಿದ್ದು ಒಂದೇ ಸಾಲು: ವಿಲ್‌ಗೆ ಇನ್ನು ಪ್ರೊಬೇಟ್, ಅಂದರೆ ಅದು ಅಸಲಿ ಎಂಬ ಕೋರ್ಟಿನ ಆದೇಶ, ಬೇಕಿಲ್ಲ.

ಗೊಂದಲ ಶುರುವಾಗಿದ್ದು ಆ ಒಂದು ಸಾಲಿನಿಂದಲೇ. ಹಾಗಾದರೆ ಕೋರ್ಟಿಗೆ ಹೋಗುವುದೇ ಬೇಡವಾ? ಈಗಾಗಲೇ ಪಡೆದ ಪ್ರೊಬೇಟ್ ಏನಾಗುತ್ತದೆ? ಬೆಂಗಳೂರು, ಮೈಸೂರಿನ ಕಡೆಯವರ ಪ್ರಶ್ನೆ ಇನ್ನೂ ಬೇರೆ. ನಮ್ಮ ಮನೆಯಲ್ಲಿ ಯಾರೂ ಪ್ರೊಬೇಟ್ ಮಾಡಿಸಿಯೇ ಇಲ್ಲವಲ್ಲ, ನಮಗೇನು ಬದಲಾಯಿತು ಎಂದು ಅವರು ಕೇಳುತ್ತಾರೆ.

ಕಡ್ಡಾಯ ತೆಗೆದದ್ದು ಸರಿಯಾದ ನಿರ್ಧಾರವೇ. ಆದರೆ ಪ್ರೊಬೇಟ್ ಎರಡು ಕೆಲಸ ಮಾಡುತ್ತಿತ್ತು. ವಿಲ್ ಅಸಲಿಯೇ ಎಂದು ಪರೀಕ್ಷಿಸುವುದು ಒಂದು. ಆ ವಿಲ್ಲಿನ ಮೂಲ ಪ್ರತಿಯನ್ನು ಕೋರ್ಟಿನ ಕಡತದಲ್ಲಿ ಕಾಪಾಡಿ, ಮುಂದೆ ಬೇಕಾದವರಿಗೆ ಸಿಗುವಂತೆ ಇಡುವುದು ಇನ್ನೊಂದು. ಪರೀಕ್ಷೆ ಬೇಕಾ ಬೇಡವಾ ಎಂಬ ವಾದ ದಶಕಗಳಿಂದ ನಡೆದಿದೆ. ದಾಖಲೆ ಕಾಪಾಡುವ ಕೆಲಸವನ್ನು ಇನ್ನು ಯಾರು ಮಾಡುತ್ತಾರೆ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಬಂದಿಲ್ಲ.

ಕಡ್ಡಾಯ ಯಾರಿಗಿತ್ತು?

ಪ್ರೊಬೇಟ್ ಎಂದರೆ, ಈ ವಿಲ್ ನಿಜವಾದದ್ದು, ಇದನ್ನು ಜಾರಿ ಮಾಡುವ ಅಧಿಕಾರ ಇಂಥವರಿಗೆ ಇದೆ ಎಂದು ಕೋರ್ಟು ಮೊಹರು ಹಾಕಿ ಕೊಡುವ ಆದೇಶ. ವಿಲ್ಲಿನಲ್ಲೇ ಹೆಸರಿಸಿದ ಎಕ್ಸಿಕ್ಯೂಟರ್‌ಗೆ (ವಿಲ್ ಜಾರಿ ಮಾಡುವವರಿಗೆ) ಪ್ರೊಬೇಟ್ ಸಿಗುತ್ತದೆ. ಎಕ್ಸಿಕ್ಯೂಟರ್ ಇಲ್ಲದಿದ್ದರೆ ಫಲಾನುಭವಿಗಳು ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್, ಅಂದರೆ ಆಸ್ತಿ ನಿರ್ವಹಿಸಲು ಕೋರ್ಟು ಕೊಡುವ ಅಧಿಕಾರ ಪತ್ರ, ಪಡೆಯಬೇಕಿತ್ತು. ಎರಡೂ ಇಲ್ಲದೆ ವಿಲ್ಲಿನ ಮೇಲಿನ ಹಕ್ಕನ್ನು ಯಾವ ಕೋರ್ಟಿನಲ್ಲೂ ಸ್ಥಾಪಿಸುವಂತಿಲ್ಲ ಎಂದು 213ನೇ ಕಲಂ ಹೇಳುತ್ತಿತ್ತು.

ಈ ನಿಯಮ ದೇಶಕ್ಕೆಲ್ಲ ಒಂದೇ ರೀತಿ ಅನ್ವಯವಾಗುತ್ತಿರಲಿಲ್ಲ. ಹಿಂದೂ, ಬೌದ್ಧ, ಸಿಖ್, ಜೈನರ ವಿಲ್‌ಗಳಿಗೆ ಕಡ್ಡಾಯವಾಗಿದ್ದದ್ದು ಆಗಿನ ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಆಡಳಿತದ ಪ್ರದೇಶದಲ್ಲಿ ಮತ್ತು ಮದ್ರಾಸ್, ಬಾಂಬೆ ಹೈಕೋರ್ಟ್‌ಗಳು ನೇರವಾಗಿ ಸಿವಿಲ್ ದಾವೆ ನಡೆಸುವ, ಅಂದರೆ ಅವುಗಳ ಮೂಲ ಸಿವಿಲ್ ವ್ಯಾಪ್ತಿಯ, ನಗರಗಳಲ್ಲಿ ಮಾತ್ರ. ವಿಲ್ ಬೇರೆ ಕಡೆ ಬರೆದಿದ್ದರೂ ಅದರಲ್ಲಿನ ಸ್ಥಿರಾಸ್ತಿ ಆ ಪ್ರದೇಶದಲ್ಲಿದ್ದರೆ ಆಗಲೂ ಬೇಕಿತ್ತು. ಪಾರ್ಸಿಗಳಿಗೂ ಇದೇ ಬಗೆಯ ನಿಯಮ. ಮುಸ್ಲಿಮರಿಗೆ ಇರಲಿಲ್ಲ. ಭಾರತೀಯ ಕ್ರೈಸ್ತರಿಗೆ 2002ರ ತಿದ್ದುಪಡಿಯಲ್ಲಿ ವಿನಾಯಿತಿ ಸಿಕ್ಕಿತು.

ಹಾಗಾಗಿ ಧಾರವಾಡದಲ್ಲಿ ಮನೆ, ಮುಂಬೈಯಲ್ಲಿ ಫ್ಲ್ಯಾಟು ಇರುವ ಒಬ್ಬರು ವಿಲ್ ಬರೆದಿಟ್ಟು ತೀರಿಕೊಂಡರೆ, ಧಾರವಾಡದ ಮನೆಗೆ ಪ್ರೊಬೇಟ್ ಬೇಕಿರಲಿಲ್ಲ, ಮುಂಬೈ ಫ್ಲ್ಯಾಟಿಗೆ ಬೇಕಿತ್ತು. ಒಂದೇ ಕಾಗದ, ಎರಡು ನಿಯಮ. ದಕ್ಷಿಣ ಕನ್ನಡ, ಬಳ್ಳಾರಿ ಹಿಂದೆ ಮದ್ರಾಸ್ ಪ್ರಾಂತ್ಯದಲ್ಲಿದ್ದರೂ ಕಡ್ಡಾಯ ಅಲ್ಲಿಗೆ ತಟ್ಟಲಿಲ್ಲ. ನಿಯಮ ಇದ್ದದ್ದು ಮದ್ರಾಸ್ ನಗರದ ಮಿತಿಯೊಳಗೆ, ಇಡೀ ಪ್ರಾಂತ್ಯಕ್ಕಲ್ಲ.

ಪರ ವಾದ, ವಿರೋಧ ವಾದ

ಕಲಂ ತೆಗೆಯಬೇಕು ಎಂದವರ ವಾದ ಬಲವಾಗಿಯೇ ಇತ್ತು. ಬ್ರಿಟಿಷರು ತಮ್ಮ ಅನುಕೂಲಕ್ಕೆ ಎಳೆದ ಗೆರೆ ಇಂದಿಗೂ ಯಾಕೆ? ಧರ್ಮ, ಊರು ನೋಡಿ ಒಬ್ಬರಿಗೆ ಕೋರ್ಟು ಅಲೆದಾಟ, ಇನ್ನೊಬ್ಬರಿಗೆ ಇಲ್ಲ ಎನ್ನುವುದು ಸಮಾನತೆಗೆ ಹೊಂದುತ್ತದೆಯೇ? ಮನೆಯಲ್ಲಿ ತಕರಾರೇ ಇಲ್ಲದಿದ್ದರೂ ಕೋರ್ಟ್ ಶುಲ್ಕ, ವಕೀಲರ ಫೀಸು, ತಿಂಗಳುಗಟ್ಟಲೆ ಕಾಯುವಿಕೆ. 2001ರಲ್ಲಿ ಕ್ಲಾರೆನ್ಸ್ ಪಾಯಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿದಿತ್ತು. ಭೇದಕ್ಕೆ ಕಾರಣ ಧರ್ಮವಲ್ಲ, ಇತಿಹಾಸ ಮತ್ತು ಭೂಗೋಳ ಎಂದಿತ್ತು. ಕಲಂ ಸಂವಿಧಾನಕ್ಕೆ ವಿರುದ್ಧವಲ್ಲ ಎಂದ ಮಾತ್ರಕ್ಕೆ ಅದು ಜನರಿಗೆ ಉಪಯುಕ್ತ ಎಂದಾಗುವುದಿಲ್ಲ. ಅದನ್ನು ನಿರ್ಧರಿಸುವುದು ಸಂಸತ್ತಿನ ಕೆಲಸ, ಸಂಸತ್ತು ಈಗ ನಿರ್ಧರಿಸಿದೆ.

ವಿರೋಧಿಸುವವರ ಮಾತಿನಲ್ಲೂ ಹುರುಳಿದೆ. ಪ್ರೊಬೇಟ್ ತೀರ್ಪು ಕೋರ್ಟಿಗೆ ಬಂದ ಇಬ್ಬರ ನಡುವಿನದಷ್ಟೇ ಅಲ್ಲ, ಅದು ಎಲ್ಲರಿಗೂ ಅನ್ವಯಿಸುತ್ತದೆ. ಒಮ್ಮೆ ಸಿಕ್ಕರೆ, ಅದು ರದ್ದಾಗುವವರೆಗೆ ವಿಲ್ ಅಸಲಿಯೇ ಎಂಬ ಪ್ರಶ್ನೆ ಮುಗಿದಂತೆ. ಪ್ರೊಬೇಟ್ ಇಲ್ಲದ ವಿಲ್ಲನ್ನು ಪ್ರತಿ ದಾವೆಯಲ್ಲೂ ಹೊಸದಾಗಿ ಸಾಬೀತು ಮಾಡಬೇಕು. ಒಂದು ದಾವೆಯಲ್ಲಿ ಗೆದ್ದರೂ ಅದರಲ್ಲಿ ಪಕ್ಷಗಾರರಾಗಿಲ್ಲದ ಮೊಮ್ಮಗಳು ಇನ್ನೊಂದು ಊರಲ್ಲಿ ಮತ್ತೆ ಪ್ರಶ್ನೆ ಎತ್ತಬಹುದು.

ಇನ್ನೊಂದು ವಿಷಯ ಸುದ್ದಿಯಲ್ಲಿ ಸರಿಯಾಗಿ ಬರಲೇ ಇಲ್ಲ. ಹೋದದ್ದು ಕಡ್ಡಾಯ ಮಾತ್ರ, ಪ್ರೊಬೇಟ್ ಹೋಗಿಲ್ಲ. ಕಾಯ್ದೆಯಲ್ಲಿ ಪ್ರೊಬೇಟ್‌ಗೆ ಸಂಬಂಧಿಸಿದ ಉಳಿದ ಕಲಂಗಳು ಹಾಗೇ ಇವೆ. ಬೇಕಾದವರು ಈಗಲೂ ಅರ್ಜಿ ಹಾಕಬಹುದು. ಹಿಂದೆ ಪಡೆದ ಪ್ರೊಬೇಟ್‌ಗಳಿಗೆ ಯಾವ ಧಕ್ಕೆಯೂ ಇಲ್ಲ.

ಪ್ರೊಬೇಟ್ ಕಡತದ ಒಳಗೆ ಏನಿರುತ್ತದೆ?

ಒಂದು ಹಳೆಯ ಪ್ರೊಬೇಟ್ ಕಡತ ಬಿಚ್ಚಿದರೆ ಒಂದು ಕುಟುಂಬದ ಕಾಗದಪತ್ರಗಳೆಲ್ಲ ಒಟ್ಟಿಗೆ ಸಿಗುತ್ತವೆ. ಮೇಲೆ ಅರ್ಜಿ. ತೀರಿಕೊಂಡ ದಿನ, ಇದೇ ಕೊನೆಯ ವಿಲ್ ಎಂಬ ಹೇಳಿಕೆ, ಕೈಗೆ ಬರಬಹುದಾದ ಆಸ್ತಿಯ ಮೌಲ್ಯ ಎಲ್ಲ ಅದರಲ್ಲಿರುತ್ತದೆ. ಅದಕ್ಕೆ ಲಗತ್ತಾಗಿ ವಿಲ್. ಸಂಬಂಧಪಟ್ಟವರು ಬಂದು ನೋಡಿ ಎಂದು ಕೋರ್ಟು ಹೊರಡಿಸಿದ ಪ್ರಕಟಣೆ. ಯಾರಾದರೂ ಆಕ್ಷೇಪ ಎತ್ತಿ ಕೇವಿಯಟ್ (ನನ್ನ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಅರ್ಜಿ) ಹಾಕಿದ್ದರೆ ಅದು. ವಿಲ್‌ಗೆ ಸಹಿ ಹಾಕಿದ ಸಾಕ್ಷಿಯ ಹೇಳಿಕೆ. ಕೊನೆಗೆ ಆದೇಶ.

ಆದೇಶದ ನಂತರವೂ ಕಾಗದ ಸೇರುತ್ತಾ ಹೋಗುತ್ತದೆ. ಎಕ್ಸಿಕ್ಯೂಟರ್ 6 ತಿಂಗಳೊಳಗೆ ಆಸ್ತಿ, ಸಾಲಗಳ ಪೂರ್ತಿ ಪಟ್ಟಿಯನ್ನೂ ಒಂದು ವರ್ಷದೊಳಗೆ ಲೆಕ್ಕವನ್ನೂ ಕೋರ್ಟಿಗೆ ಕೊಡಬೇಕು ಎಂದು 317ನೇ ಕಲಂ ಹೇಳುತ್ತದೆ. ಈ ಪಟ್ಟಿಯ ಬೆಲೆ ಗೊತ್ತಾಗುವುದು ಹಲವು ವರ್ಷಗಳ ನಂತರ. ಮುತ್ತಜ್ಜನ ಕಾಲದಲ್ಲಿ ಯಾವ ಜಮೀನಿತ್ತು, ಯಾರಿಗೆ ಸಾಲ ಕೊಟ್ಟಿದ್ದರು, ಯಾವ ಮಗಳಿಗೆ ಏನು ಬರೆದರು ಎಂಬುದಕ್ಕೆ ಮನೆಯವರ ನೆನಪಿಗಿಂತ ಗಟ್ಟಿ ಆಧಾರ ಅದು.

ಮೂಲ ವಿಲ್ ಎಲ್ಲಿರಬೇಕು ಎಂಬುದಕ್ಕೂ ಕಾಯ್ದೆಯಲ್ಲಿ ಉತ್ತರವಿದೆ. ಪ್ರೊಬೇಟ್ ಕೊಟ್ಟ ಮೂಲ ವಿಲ್‌ಗಳನ್ನೆಲ್ಲ ಜಿಲ್ಲಾ ನ್ಯಾಯಾಧೀಶರು ತಮ್ಮ ಕೋರ್ಟಿನ ದಾಖಲೆಗಳಲ್ಲಿ ಕಾಪಾಡಬೇಕು, ವಿಲ್‌ಗಳಿಗಾಗಿ ಒಂದು ಸಾರ್ವಜನಿಕ ನೋಂದಣಿ ಕೇಂದ್ರ ಸ್ಥಾಪನೆಯಾಗುವವರೆಗೆ. ಇದು 294ನೇ ಕಲಂ. ಹಾಗೆ ಇಟ್ಟ ವಿಲ್‌ಗಳ ಸಂರಕ್ಷಣೆ, ಪರಿಶೀಲನೆಗೆ ರಾಜ್ಯ ಸರ್ಕಾರ ನಿಯಮ ಮಾಡಬೇಕು ಎಂದೂ ಅದರಲ್ಲಿದೆ. ಕಾಯ್ದೆ ಬರೆದವರು ಕೋರ್ಟಿನ ಕಪಾಟನ್ನು ತಾತ್ಕಾಲಿಕ ಜಾಗ ಎಂದುಕೊಂಡಿದ್ದರು. ಅಂಥ ಕೇಂದ್ರ ಬರದೆ 100 ವರ್ಷ ಕಳೆದಿದೆ. ಈಗ ಕಪಾಟಿಗೆ ವಿಲ್ ಬರುವ ದಾರಿಯೇ ಕಿರಿದಾಗಿದೆ. ನನ್ನ ತಕರಾರು ಇರುವುದು ಇಲ್ಲಿ. ಕಡ್ಡಾಯ ತೆಗೆಯುವಾಗಲೇ ನೋಂದಣಿ ಕೇಂದ್ರದ ವಿಷಯವನ್ನೂ ಕೈಗೆತ್ತಿಕೊಳ್ಳಬೇಕಿತ್ತು.

ಕರ್ನಾಟಕ ಈಗಾಗಲೇ ಕಂಡಿರುವುದು

ಮುಂಬೈ, ಕೋಲ್ಕತ್ತ, ಚೆನ್ನೈಗೆ ಇದು ಹೊಸದು. ಕರ್ನಾಟಕಕ್ಕೆ ಹೊಸದಲ್ಲ. ಇಲ್ಲಿ ಹಿಂದೂಗಳ ವಿಲ್‌ಗೆ ಪ್ರೊಬೇಟ್ ಕಡ್ಡಾಯವಾಗಿರಲಿಲ್ಲ. ಅದರ ಪರಿಣಾಮ ಏನು ಎಂದು ತಿಳಿಯಲು ಯಾವುದಾದರೂ ಆಸ್ತಿ ಪಾಲಿನ ದಾವೆಯ ಕಡತ ನೋಡಿದರೆ ಸಾಕು.

ತಂದೆ ತೀರಿಕೊಂಡಾಗ ಯಾರೂ ವಿಲ್ ಮಾತೆತ್ತುವುದಿಲ್ಲ. ಪೌತಿ ಖಾತೆ ಆಗುತ್ತದೆ, ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ಎಷ್ಟೋ ವರ್ಷ ಕಳೆದು, ಜಮೀನಿಗೆ ಬೆಲೆ ಬಂದ ಮೇಲೆ, ಹೆಣ್ಣುಮಕ್ಕಳು ಪಾಲು ಕೇಳಿ ದಾವೆ ಹಾಕುತ್ತಾರೆ. ಆಗ ಉತ್ತರ ಪತ್ರದ ಜೊತೆಗೆ ಒಂದು ವಿಲ್ ಹೊರಗೆ ಬರುತ್ತದೆ. ಅದು ಅಸಲಿಯೂ ಇರಬಹುದು, ನಕಲಿಯೂ ಇರಬಹುದು. ತೊಂದರೆ ಏನೆಂದರೆ, ಅಷ್ಟರಲ್ಲಿ ಅದನ್ನು ಪರೀಕ್ಷಿಸುವ ದಾರಿಗಳು ಮುಚ್ಚಿಹೋಗಿರುತ್ತವೆ. ವಿಲ್‌ಗೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು, ಅವರಲ್ಲಿ ಒಬ್ಬರಾದರೂ ಬದುಕಿದ್ದು ಕೈಗೆ ಸಿಗುವಂತಿದ್ದರೆ ಕೋರ್ಟಿಗೆ ಬಂದು ಹೇಳಬೇಕು. ಇಬ್ಬರೂ ತೀರಿಕೊಂಡಿದ್ದರೆ ಕೈಬರಹ, ಸಹಿ ಗುರುತಿಸುವವರನ್ನು ಹುಡುಕಬೇಕು. ಬರೆದವರ ಆಗಿನ ಆರೋಗ್ಯ ಹೇಗಿತ್ತು ಎಂದು ಹೇಳಬಲ್ಲವರೂ ಇರುವುದಿಲ್ಲ.

ಪ್ರೊಬೇಟ್ ಇದ್ದಲ್ಲಿ ಇದೇ ವಿಚಾರಣೆ ಸಾವಿನ ನಂತರ ಬೇಗ ನಡೆಯುತ್ತಿತ್ತು, ಸಾಕ್ಷಿಗಳ ನೆನಪು ಹಸಿಯಾಗಿರುವಾಗಲೇ. ಹಾಗಂತ ತಕರಾರೇ ಇಲ್ಲದ ಸಾವಿರಾರು ಕುಟುಂಬಗಳನ್ನು ಕೋರ್ಟಿಗೆ ಎಳೆಯುವುದು ಪರಿಹಾರ ಅಲ್ಲ ಅಲ್ವಾ? ಪರಿಹಾರ ಇರುವುದು ದಾಖಲೆಯಲ್ಲಿ. ವಿಲ್ ಎಂಬ ಕಾಗದ ಇಂಥ ದಿನ ಇತ್ತು ಎಂಬುದಕ್ಕೆ ಮನೆಯ ಹೊರಗೆ ಒಂದು ಸಾಕ್ಷ್ಯ ಇದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಉಪ ನೋಂದಣಿ ಕಚೇರಿಯ ಮೂರನೇ ಪುಸ್ತಕ

ಇವತ್ತಿನ ಮಟ್ಟಿಗೆ ಆ ಸಾಕ್ಷ್ಯಕ್ಕೆ ಇರುವ ಜಾಗ ಸಬ್ ರಿಜಿಸ್ಟ್ರಾರ್ ಕಚೇರಿ. ವಿಲ್ ನೋಂದಣಿ ಕಡ್ಡಾಯವಲ್ಲ. ಮಾಡಿಸಿದ್ದರೆ ಅದು 1908ರ ನೋಂದಣಿ ಕಾಯ್ದೆಯಡಿ 3ನೇ ಪುಸ್ತಕದಲ್ಲಿ ದಾಖಲಾಗುತ್ತದೆ. ಕ್ರಯಪತ್ರ, ದಾನಪತ್ರ, ಅಡಮಾನ ಹೋಗುವುದು 1ನೇ ಪುಸ್ತಕಕ್ಕೆ.

ಈ ವ್ಯತ್ಯಾಸ ಗೊತ್ತಿಲ್ಲದೆ ಜಾಸ್ತಿ ಜನ ತಪ್ಪುವುದು ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರದ ವಿಷಯದಲ್ಲಿ. ಅದನ್ನು ತೆಗೆಸಿ, ಅದರಲ್ಲಿ ವಿಲ್ ಕಾಣಲಿಲ್ಲ, ಹಾಗಾಗಿ ವಿಲ್ ಇಲ್ಲ ಎಂದುಕೊಳ್ಳುತ್ತಾರೆ. ಇ.ಸಿ. ತಯಾರಾಗುವುದು ಸ್ಥಿರಾಸ್ತಿ ವ್ಯವಹಾರಗಳ ದಾಖಲೆಯಿಂದ. ವಿಲ್ ಅದರಲ್ಲಿ ಬರುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ಇ.ಸಿ. ತೆಗೆದರೂ ಅಷ್ಟೇ. ಆಸ್ತಿ ಕೊಳ್ಳುವವರು ಈ ಮಾತು ಗಟ್ಟಿಯಾಗಿ ನೆನಪಿಡಬೇಕು.

ವಿಲ್ಲಿನ ನಕಲು ಯಾರಿಗೆ ಸಿಗುತ್ತದೆ ಎಂಬುದಕ್ಕೆ ನೋಂದಣಿ ಕಾಯ್ದೆಯ 57ನೇ ಕಲಂ ಸ್ಪಷ್ಟವಾದ ಗೆರೆ ಹಾಕಿದೆ. ಬರೆದವರು ಬದುಕಿರುವಾಗ ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ. ಮಗ ಕೇಳಿದರೂ ಕೊಡುವಂತಿಲ್ಲ. ಬರೆದವರು ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಕೊಡಬೇಕು. ನಾನು ವಾರಸುದಾರ ಎಂದು ಸಾಬೀತು ಮಾಡುವ ಷರತ್ತನ್ನು ಕಲಂ ಹಾಕಿಲ್ಲ. ಬೇಕಾದದ್ದು ಸಾವಿನ ಪುರಾವೆ, ಅಂದರೆ ಮರಣ ಪ್ರಮಾಣಪತ್ರ. ಆದರೆ ಪುಸ್ತಕವನ್ನು ನೀವೇ ತಿರುವಿ ಹಾಕುವಂತಿಲ್ಲ. 3ನೇ ಪುಸ್ತಕದಲ್ಲಿ ಹುಡುಕುವ ಕೆಲಸ ನೋಂದಣಿ ಅಧಿಕಾರಿಯದ್ದೇ. ಹಾಗಾಗಿ ಅರ್ಜಿಯಲ್ಲಿ ಬರೆದವರ ಪೂರ್ತಿ ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಅಂದಾಜು ವರ್ಷ ಇರಲೇಬೇಕು.

ಯಾವ ಕಚೇರಿ ಎಂಬುದು ಇನ್ನೊಂದು ತಲೆನೋವು. ಜಮೀನು ಇರುವ ತಾಲೂಕಿನಲ್ಲೇ ವಿಲ್ ನೋಂದಣಿ ಆಗಬೇಕೆಂದಿಲ್ಲ. ಮಂಡ್ಯದ ಜಮೀನಿನ ವಿಲ್ ಬೆಂಗಳೂರಿನ ಯಾವುದೋ ಬಡಾವಣೆಯ ಕಚೇರಿಯಲ್ಲಿ ಇರಬಹುದು, ಅವರು ಕೊನೆಗಾಲದಲ್ಲಿ ಮಗಳ ಮನೆಯಲ್ಲಿದ್ದರು ಎಂಬ ಕಾರಣಕ್ಕೆ. ತೀರಿಕೊಂಡವರು ಕೊನೆಯ ವರ್ಷಗಳಲ್ಲಿ ಎಲ್ಲೆಲ್ಲಿ ಇದ್ದರು ಎಂದು ಮೊದಲು ಪಟ್ಟಿ ಮಾಡಿ, ಆ ಕಚೇರಿಗಳಲ್ಲಿ ಕೇಳುವುದು ಒಳ್ಳೆಯದು.

ವಿಲ್ಲನ್ನು ನೋಂದಣಿ ಮಾಡಿಸದೆ ಮೊಹರು ಹಾಕಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಹತ್ತಿರ ಠೇವಣಿ ಇಡುವ ಅವಕಾಶವೂ ಇದೆ. ಇದರ ಬಳಕೆ ಕಡಿಮೆ, ಆದರೆ ಹುಡುಕುವವರು ಇದನ್ನೂ ಬಿಡಬಾರದು. ಬರೆದವರು ತೀರಿಕೊಂಡ ಮೇಲೆ ಅರ್ಜಿ ಕೊಟ್ಟರೆ ಅರ್ಜಿದಾರರ ಎದುರಿಗೇ ಲಕೋಟೆ ಒಡೆದು, ಅವರ ಖರ್ಚಿನಲ್ಲಿ 3ನೇ ಪುಸ್ತಕಕ್ಕೆ ನಕಲು ಮಾಡುತ್ತಾರೆ.

ನೋಂದಣಿ ಆಗಿದೆ ಎಂದಾಕ್ಷಣ ವಿಲ್ ಅಸಲಿ ಎಂದು ಕೋರ್ಟು ಒಪ್ಪುವುದಿಲ್ಲ. ಸಾಕ್ಷಿ ಬಂದು ಹೇಳಲೇಬೇಕು. ಒಬ್ಬರೇ ಹಲವು ವಿಲ್ ಬರೆದಿದ್ದರೆ ಕೊನೆಯದೇ ನಡೆಯುತ್ತದೆ, ಅದು ನೋಂದಣಿ ಆಗದ ಬಿಳಿ ಹಾಳೆಯಾದರೂ ಸರಿ.

ಕೋರ್ಟಿನ ಕಡತ ಹುಡುಕುವ ಬಗೆ

ಪ್ರೊಬೇಟ್ ಅರ್ಜಿಯನ್ನು ತೀರಿಕೊಂಡವರು ಕೊನೆಗೆ ವಾಸವಿದ್ದ ಜಿಲ್ಲೆಯಲ್ಲಿ ಅಥವಾ ಆಸ್ತಿ ಇರುವ ಜಿಲ್ಲೆಯಲ್ಲಿ ಹಾಕಬಹುದು. ಹಾಗಾಗಿ ಹುಡುಕಾಟ ಆ ಜಿಲ್ಲೆಗಳಿಂದ ಶುರುವಾಗಬೇಕು. ಕರ್ನಾಟಕದ ಕೋರ್ಟುಗಳಲ್ಲಿ ಇಂಥ ಪ್ರಕರಣಗಳು ಪಿ ಅಂಡ್ ಎಸ್‌ಸಿ ಎಂಬ ಹೆಸರಿನಲ್ಲಿ ನಡೆಯುತ್ತವೆ. ವಾರಸಾ ಪ್ರಮಾಣಪತ್ರದ ಅರ್ಜಿಗಳೂ ಇದರಲ್ಲೇ ಬರುತ್ತವೆ. ಮದುವೆಗೆ ಸಂಬಂಧಿಸಿದ ಪ್ರಕರಣಗಳಿಗೆ ಎಂ.ಸಿ. ಎಂದು ಹೆಸರು.

ಇ-ಕೋರ್ಟ್ಸ್ ಜಾಲತಾಣದಲ್ಲಿ ಪಕ್ಷಗಾರರ ಹೆಸರು, ಪ್ರಕರಣದ ಸಂಖ್ಯೆ ಅಥವಾ ವಕೀಲರ ಹೆಸರಿನಿಂದ ಹುಡುಕಬಹುದು. ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದು ಸಿಕ್ಕರೆ ಮುಂದಿನ ದಾರಿ ಸಲೀಸು. ಹೆಸರಿನಿಂದ ಹುಡುಕುವಾಗ ಕಾಗುಣಿತ ಕಾಡುತ್ತದೆ. ಲಕ್ಷ್ಮಮ್ಮ, ವೆಂಕಟಪ್ಪ ಎಂಬ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬ ಗುಮಾಸ್ತರು ಒಂದೊಂದು ರೀತಿ ಬರೆದಿರುತ್ತಾರೆ. ಪೂರ್ತಿ ಹೆಸರು ಹೊಡೆಯುವ ಬದಲು ಮೊದಲ ಕೆಲವು ಅಕ್ಷರ ಹೊಡೆದು, ವರ್ಷ ಬದಲಿಸುತ್ತಾ ನೋಡಿದರೆ ಸಿಗುವ ಸಾಧ್ಯತೆ ಜಾಸ್ತಿ. ಕಂಪ್ಯೂಟರ್ ಬರುವ ಮುಂಚಿನ ಪ್ರಕರಣಗಳು ಅಲ್ಲಿ ಸಿಗದೇ ಇರಬಹುದು. ಅವಕ್ಕೆ ಆಯಾ ಕೋರ್ಟಿನ ರಿಜಿಸ್ಟರ್, ರೆಕಾರ್ಡ್ ರೂಮೇ ಗತಿ. 7,210 ಕೋಟಿ ರೂಪಾಯಿಯ ಇ-ಕೋರ್ಟ್ಸ್ ಮೂರನೇ ಹಂತಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕಿದೆ. ಹಳೆಯ ಕಡತಗಳ ಡಿಜಿಟಲೀಕರಣವೂ ಅದರಲ್ಲಿ ಸೇರಿದೆ.

ಸಂಖ್ಯೆ ಸಿಕ್ಕ ಮೇಲೆ ನಕಲು ಶಾಖೆಗೆ ಅರ್ಜಿ. ಯಾವ ದಾಖಲೆ ಬೇಕು ಎಂದು ಹೆಸರಿಸಿ ಕೇಳಬೇಕು. ಸುಮ್ನೆ ಕೇಸಿನ ಕಾಪಿ ಬೇಕು ಎಂದರೆ ಕೆಲಸ ಆಗುವುದಿಲ್ಲ. ಆದೇಶ, ಅರ್ಜಿ, ವಿಲ್, ಸಾಕ್ಷಿ ಹೇಳಿಕೆ ಎಲ್ಲವನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಪಕ್ಷಗಾರರಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಹೊರಗಿನವರಾದರೆ, ತಮಗೇಕೆ ಬೇಕು ಎಂದು ಅಫಿಡವಿಟ್‌ನಲ್ಲಿ ಕಾರಣ ಹೇಳಿ ಕೋರ್ಟಿನ ಅನುಮತಿ ಪಡೆಯಬೇಕು.

ದೃಢೀಕೃತ ನಕಲಿನ ಕೊನೆಯ ಪುಟದಲ್ಲಿ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ ಎಂದು ಮೊಹರು ಇರುತ್ತದೆ. ಮೇಲ್ಮನವಿಯ ಗಡುವು ಲೆಕ್ಕ ಹಾಕುವಾಗ ನಕಲು ಪಡೆಯಲು ಹಿಡಿದ ಸಮಯವನ್ನು ಕಾಲಮಿತಿ ಕಾಯ್ದೆ ಬಿಟ್ಟುಕೊಡುತ್ತದೆ. ಆ ಲೆಕ್ಕಕ್ಕೆ ಈ ತಾರೀಕುಗಳೇ ಆಧಾರ.

ಆರ್‌ಟಿಐ ಹಾಕಿದರೆ ಸಿಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಕೋರ್ಟಿನ ನ್ಯಾಯಿಕ ದಾಖಲೆಗೆ ಆ ದಾರಿ ಇಲ್ಲ. 2020ರ ಮಾರ್ಚ್‌ನಲ್ಲಿ ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ತೀರ್ಮಾನಿಸಿದೆ. ನಕಲು ಪಡೆಯಲು ಕೋರ್ಟಿನ ನಿಯಮಗಳಲ್ಲೇ ವ್ಯವಸ್ಥೆ ಇರುವಾಗ ಅದನ್ನೇ ಬಳಸಬೇಕು ಎಂಬುದು ಆ ತೀರ್ಪು.

ಕೌಟುಂಬಿಕ ನ್ಯಾಯಾಲಯದ ಬಾಗಿಲು ಬೇರೆ

ತೀರಿಕೊಂಡವರ ವಿಲ್ ವಿಷಯದಲ್ಲಿ ಕಾನೂನು ಉದಾರವಾಗಿದೆ. ಗಂಡ ಹೆಂಡತಿಯ ಪ್ರಕರಣಗಳಲ್ಲಿ ಹಾಗಿಲ್ಲ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಂ ಪ್ರಕಾರ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆಯೇ ನಡೆಯಬೇಕು. ಅದರ ವಿಷಯವನ್ನು ಅಚ್ಚು ಹಾಕುವಂತಿಲ್ಲ. ಹೈಕೋರ್ಟ್, ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಮಾತ್ರ ಕೋರ್ಟಿನ ಮುಂಗಡ ಅನುಮತಿ ಪಡೆದು ಪ್ರಕಟಿಸಬಹುದು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯೂ ಪಕ್ಷಗಾರರಲ್ಲಿ ಒಬ್ಬರು ಕೇಳಿದರೆ ಸಾಕು, ವಿಚಾರಣೆ ಗೋಪ್ಯವಾಗಿರಬೇಕು ಎನ್ನುತ್ತದೆ.

ಪಕ್ಷಗಾರರ ಹಕ್ಕಿಗೆ ಇದರಿಂದ ಅಡ್ಡಿಯಿಲ್ಲ. ವಿಚ್ಛೇದನದ ಡಿಕ್ರಿಯ ಒಂದು ಪ್ರತಿಯನ್ನು ಇಬ್ಬರಿಗೂ ಉಚಿತವಾಗಿ ಕೊಡಬೇಕು ಎಂದು ಹಿಂದೂ ವಿವಾಹ ಕಾಯ್ದೆಯ 23ನೇ ಕಲಮಿನಲ್ಲೇ ಇದೆ. ಇದು ಗೊತ್ತಿಲ್ಲದವರೇ ಜಾಸ್ತಿ. ಮರುಮದುವೆ, ಪಾಸ್‌ಪೋರ್ಟ್, ವಿದೇಶಿ ವೀಸಾ ಹೀಗೆ ಮುಂದೆ ಎಲ್ಲಿ ಬೇಕಾದರೂ ಆ ಕಾಗದ ಕೇಳಬಹುದು. ತೀರ್ಪು ಬಂದ ತಕ್ಷಣ ಒಂದೆರಡು ಹೆಚ್ಚುವರಿ ದೃಢೀಕೃತ ನಕಲು ತೆಗೆದಿಟ್ಟುಕೊಳ್ಳುವುದು ಬುದ್ಧಿವಂತಿಕೆ. ಕಡತದ ಎಲ್ಲ ಭಾಗಗಳೂ ಒಂದೇ ಅವಧಿಯವರೆಗೆ ಉಳಿಯುವುದಿಲ್ಲ.

ಹಳೆಯ ವಿಚ್ಛೇದನದ ಕಡತ ಹುಡುಕುವವರು ಒಂದು ವಿಷಯ ಗಮನಿಸಬೇಕು. ಕೌಟುಂಬಿಕ ನ್ಯಾಯಾಲಯ ಒಂದೊಂದು ಜಿಲ್ಲೆಗೆ ಒಂದೊಂದು ವರ್ಷ ಬಂತು. ಅದಕ್ಕಿಂತ ಮುಂಚೆ ತೀರ್ಮಾನವಾದ ಪ್ರಕರಣದ ಕಡತ ಹಳೆಯ ಸಿವಿಲ್ ಕೋರ್ಟಿನ ರೆಕಾರ್ಡ್ ರೂಮಿನಲ್ಲಿ ಇರುವ ಸಾಧ್ಯತೆ ಹೆಚ್ಚು.

ಎರಡು ಕಡತ ಒಂದೆಡೆ ಸೇರುವಾಗ

ವಿಲ್ಲೇ ಇಲ್ಲದೆ ಒಬ್ಬರು ತೀರಿಕೊಂಡರು ಎಂದುಕೊಳ್ಳಿ. ಇಬ್ಬರು ಹೆಂಗಸರು ನಾನೇ ಹೆಂಡತಿ ಎನ್ನುತ್ತಾರೆ. ಮೊದಲ ಮದುವೆ ಮುರಿದಿತ್ತೇ, ಯಾವ ದಿನ ಮುರಿಯಿತು ಎಂಬುದರ ಮೇಲೆ ಆಸ್ತಿಯ ಪೂರ್ತಿ ಲೆಕ್ಕ ನಿಂತಿದೆ. ಉತ್ತರ ಇರುವುದು ಕೌಟುಂಬಿಕ ನ್ಯಾಯಾಲಯದ ಕಡತದಲ್ಲಿ. ಎರಡನೇ ಹೆಂಡತಿಯ ಮಕ್ಕಳು ಆ ಪ್ರಕರಣದಲ್ಲಿ ಪಕ್ಷಗಾರರಲ್ಲ. ಹೊರಗಿನವರಂತೆ ಅಫಿಡವಿಟ್ ಹಾಕಿ ಕೇಳಬೇಕು.

ಈ ಮಕ್ಕಳ ಹಕ್ಕು ಈಗ ಹಿಂದಿಗಿಂತ ಗಟ್ಟಿಯಾಗಿದೆ. ಕರ್ನಾಟಕದಿಂದ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕಾನೂನಿನ ಕಣ್ಣಲ್ಲಿ ಅಸಿಂಧುವಾದ ಮದುವೆಯ ಮಕ್ಕಳಿಗೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆ ತಾಯಿಗೆ ಬರಬಹುದಾಗಿದ್ದ ಪಾಲಿನೊಳಗೆ ಹಕ್ಕಿದೆ ಎಂದಿತು. ಹಕ್ಕು ಬಂತು, ಆದರೆ ಅದನ್ನು ತೋರಿಸಲು ಮದುವೆಯ ದಾಖಲೆ, ಕೋರ್ಟಿನ ಡಿಕ್ರಿ ಬೇಕು. ಅವು ಸಿಗದಿದ್ದರೆ ತೀರ್ಪಿನ ಫಲ ಕೈಗೆ ಬರುವುದಿಲ್ಲ. ಪಕ್ಷಗಾರರು ತೀರಿಕೊಂಡ ಮೇಲೆ ಅವರ ಮಕ್ಕಳು ಡಿಕ್ರಿಯ ನಕಲು ಕೇಳಿದರೆ ಕೋರ್ಟುಗಳು ಉದಾರವಾಗಿರಬೇಕು ಎಂದು ನಾನು ಹೇಳುವುದು ಇದಕ್ಕೇ.

ಗೋಪ್ಯತೆ ಎಷ್ಟು, ಬಹಿರಂಗ ಎಷ್ಟು?

ಮದುವೆಗೆ ಮುಂಚೆ ಎದುರಿನವರ ಹಿಂದಿನ ವಿಚ್ಛೇದನ ನಿಜವಾಗಿ ಆಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲು ಬಯಸುವವರಿದ್ದಾರೆ. ತಿಳಿಯುವುದು ನ್ಯಾಯವಾದ ಬಯಕೆ, ಮುರಿಯದ ಮದುವೆಯ ಮೇಲೆ ಇನ್ನೊಂದು ಮದುವೆಯಾದರೆ ಅದು ಸಿಂಧುವಲ್ಲ. ಇನ್ನೊಂದು ಕಡೆ, ಕೋರ್ಟಿನಲ್ಲಿ ನೋವಿನಿಂದ ಹೇಳಿಕೊಂಡ ಮಾತುಗಳು ಹೆಸರು ಹೊಡೆದ ತಕ್ಷಣ ಮೊಬೈಲಿನಲ್ಲಿ ಸಿಗಬಾರದು ಎನ್ನುವವರ ಮಾತೂ ಅಷ್ಟೇ ನ್ಯಾಯವಾದದ್ದು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ಅದೇ ವರ್ಷದ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಮದುವೆಗೆ ಸಂಬಂಧಿಸಿದ ಒಂದು ಪ್ರಕರಣದಲ್ಲಿ ಮಹಿಳೆಯ ಹೆಸರು ಹೊರಗಿನ ಹುಡುಕಾಟದಲ್ಲಿ ಸಿಗದಂತೆ ನೋಡಿಕೊಳ್ಳಲು ತನ್ನ ಕಚೇರಿಗೆ ಹೇಳಿತ್ತು. 2022ರ ಡಿಸೆಂಬರ್‌ನಲ್ಲಿ ಕೇರಳ ಹೈಕೋರ್ಟ್, ಕೌಟುಂಬಿಕ ಪ್ರಕರಣಗಳಲ್ಲಿ ಪಕ್ಷಗಾರರು ಕೇಳಿದರೆ ವೈಯಕ್ತಿಕ ವಿವರ ಜಾಲತಾಣದಲ್ಲಿ ಹಾಕಬಾರದು ಎಂದಿತು. ಉಳಿದ ಪ್ರಕರಣಗಳಲ್ಲಿ ತೆರೆದ ನ್ಯಾಯಾಲಯದ ತತ್ವವೇ ಮೇಲು ಎಂದೂ ಹೇಳಿತು.

ಈ ಎರಡರ ನಡುವೆ ಒಂದು ದಾರಿ ಇದೆ ಎಂಬುದು ನನ್ನ ಅಭಿಪ್ರಾಯ. ಮದುವೆ ಇಂಥ ಕೋರ್ಟಿನಲ್ಲಿ, ಇಂಥ ದಿನ ಮುರಿದಿದೆ ಎಂಬ ಫಲಿತಾಂಶವೇ ಒಂದು, ಕಡತದ ಒಳಗಿನ ಆರೋಪ, ಸಾಕ್ಷ್ಯ, ಮಕ್ಕಳ ವಿವರಗಳೇ ಇನ್ನೊಂದು. ಮೊದಲನೆಯದನ್ನು ಕಾರಣವಿರುವ ಯಾರಾದರೂ ಖಾತ್ರಿ ಮಾಡಿಕೊಳ್ಳುವಂತಿರಬೇಕು. ಎರಡನೆಯದು ಮುಚ್ಚಿಯೇ ಇರಬೇಕು. ಈಗ ಎರಡನ್ನೂ ಒಂದೇ ಕಡತ ಎಂದು ನೋಡುವುದರಿಂದ, ಸಿಕ್ಕರೆ ಎಲ್ಲವೂ ಸಿಗುತ್ತದೆ, ಇಲ್ಲದಿದ್ದರೆ ಏನೂ ಸಿಗುವುದಿಲ್ಲ.

ಕಂದಾಯ ಕಚೇರಿಯಂಥ ಕಡೆ ಆರ್‌ಟಿಐ ಹಾಕುವವರಿಗೂ ಒಂದು ಬದಲಾವಣೆ ತಟ್ಟಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ ಆರ್‌ಟಿಐ ಕಾಯ್ದೆಗೆ ಬಂದ ತಿದ್ದುಪಡಿ 2025ರ ನವೆಂಬರ್‌ನಿಂದ ಜಾರಿಯಲ್ಲಿದೆ. ವೈಯಕ್ತಿಕ ಮಾಹಿತಿ ಎಂಬ ಕಾರಣ ಕೊಟ್ಟು ನಿರಾಕರಿಸುವುದು ಈಗ ಅಧಿಕಾರಿಗಳಿಗೆ ಸುಲಭ. ಬಹಿರಂಗದಿಂದ ಆಗುವ ಸಾರ್ವಜನಿಕ ಹಿತ ದೊಡ್ಡದಿದ್ದರೆ ಮಾಹಿತಿ ಕೊಡಬಹುದು ಎಂಬ ಆರ್‌ಟಿಐ ಕಾಯ್ದೆಯ 8(2) ಕಲಂ ಮಾತ್ರ ಹಾಗೇ ಉಳಿದಿದೆ. ಅರ್ಜಿಯಲ್ಲಿ ಅದನ್ನು ಕಾರಣ ಸಮೇತ ಎತ್ತಿ ಹೇಳಬೇಕು.

ಮುಂದೆ ಆಗಬಹುದಾದದ್ದು

ಕಡ್ಡಾಯ ಹೋದ ಊರುಗಳಲ್ಲಿ ಪ್ರೊಬೇಟ್ ಅರ್ಜಿಗಳು ಕಡಿಮೆಯಾಗುತ್ತವೆ, ಅದು ನಿರೀಕ್ಷಿತ. ಅದರ ಜೊತೆಗೇ ಕೋರ್ಟಿನ ಕಪಾಟಿಗೆ ಸೇರುವ ಮೂಲ ವಿಲ್‌ಗಳೂ ಕಡಿಮೆಯಾಗುತ್ತವೆ. ಬ್ಯಾಂಕು, ಹೌಸಿಂಗ್ ಸೊಸೈಟಿಗಳು ತಮ್ಮ ಭದ್ರತೆಗೆ ಪ್ರೊಬೇಟ್ ತನ್ನಿ ಎಂದು ಕೇಳುವುದನ್ನು ತಕ್ಷಣ ಬಿಡಲಾರವು. ಯಾವ ಕಾಗದ ಸಾಕು ಎಂದು ಅವರಿಗೂ ಸ್ಪಷ್ಟತೆ ಬೇಕು. ಎಕ್ಸಿಕ್ಯೂಟರ್ ತಮ್ಮ ಕೈಯಲ್ಲಿರುವ ವಿಲ್ಲೇ ಕೊನೆಯದು ಎಂದು ತೋರಿಸಲು ಒದ್ದಾಡುವ ಪ್ರಸಂಗಗಳು ಹೆಚ್ಚುತ್ತವೆ.

ರಾಜ್ಯ ಸರ್ಕಾರಗಳ ಕೈಯಲ್ಲಿ ಎರಡು ಕೆಲಸಗಳಿವೆ. 294ನೇ ಕಲಂ ಹೇಳುವ ಸಂರಕ್ಷಣೆ, ಪರಿಶೀಲನೆಯ ನಿಯಮಗಳನ್ನು ಇಂದಿನ ಕಾಲಕ್ಕೆ ತಕ್ಕಂತೆ ಬರೆಯುವುದು ಒಂದು. 3ನೇ ಪುಸ್ತಕದ ಸೂಚಿಯನ್ನು ರಾಜ್ಯಕ್ಕೆಲ್ಲ ಒಂದೇ ಮಾಡಿ, ಮರಣ ಪ್ರಮಾಣಪತ್ರ ತೋರಿಸಿದವರಿಗೆ ಯಾವ ಕಚೇರಿಯಲ್ಲಿ ಕೇಳಿದರೂ ಹುಡುಕಿಕೊಡುವುದು ಇನ್ನೊಂದು. ಎರಡನೆಯದಕ್ಕೆ ಕಾನೂನು ಬದಲಿಸುವ ಅಗತ್ಯವೇ ಇಲ್ಲ, 57ನೇ ಕಲಂ ಆ ಹಕ್ಕನ್ನು ಆಗಲೇ ಕೊಟ್ಟಿದೆ.

ಅಲ್ಲಿಯವರೆಗೆ ಕುಟುಂಬಗಳೇ ಲೆಕ್ಕ ಹಾಕಬೇಕು. ವಿಲ್ ನೋಂದಣಿ ಆಗಿದೆ, ವಾರಸುದಾರರೆಲ್ಲ ಒಪ್ಪಿದ್ದಾರೆ, ಆಸ್ತಿ ಒಂದೇ ಊರಲ್ಲಿದೆ ಎಂದಾದರೆ ಪ್ರೊಬೇಟ್‌ಗೆ ಹೋಗದೆ ನಡೆದೀತು. ಸಾಕ್ಷಿಗಳಿಗೆ ವಯಸ್ಸಾಗಿದೆ, ಒಬ್ಬ ಮಗನಿಗೋ ಮಗಳಿಗೋ ಏನೂ ಬರೆದಿಲ್ಲ, ವಿಲ್ ನೋಂದಣಿ ಆಗಿಲ್ಲ, ಆಸ್ತಿ ಬೇರೆ ರಾಜ್ಯದಲ್ಲೂ ಇದೆ ಎಂದಾದರೆ, ಕಡ್ಡಾಯವಿಲ್ಲದಿದ್ದರೂ ಪ್ರೊಬೇಟ್ ಪಡೆಯುವುದೇ ಮೇಲು. ಅದನ್ನು ಸಾಕ್ಷಿಗಳು ಕೋರ್ಟಿಗೆ ಬಂದು ಹೇಳುವ ಸ್ಥಿತಿಯಲ್ಲಿರುವಾಗಲೇ ಮಾಡಬೇಕು.